ಕ್ರಿಕೆಟ್ ಬಾಲಿನ ಕರ್ಜಿಕಾಯಿಯೂ ನನ್ನ ಬಾಯಿಯೂ

ನಮ್ಮ ಯಲಹಂಕದ ಹಳೇ ಬೀದೀಲಿ ಏನೇ ಎಡವಟ್ಟಾಗಲಿ, ಅಲ್ಲೇ ಎಲ್ಲೋ ನಾನೂ ನಿಂತಿರುತ್ತೀನಿ. ಬೇಕಂತ ಹೋಗೋದಲ್ಲ. ಹೋಗದೆ ಇರೋಕೆ ಆಗಲ್ಲ, ಅಷ್ಟೇ. ಆದರೆ ಈ ಸಲದ್ದನ್ನ ನೆನೆಸಿಕೊಂಡರೆ ನಗುವೂ ಬರುತ್ತೆ, ನಾಲಿಗೆಗೆ ಬರೆ ಹಾಕಿಕೊಳ್ಳೋಣ ಅಂತಲೂ ಅನ್ನಿಸುತ್ತೆ.

೧. ಹಳೇ ಬಾಲು

ನಮ್ಮ ಎದುರುಮನೇಲಿ ಅಣ್ಣ ತಮ್ಮ ಇದ್ದಾರೆ. ಅಣ್ಣನ ಸಂಸಾರ ಕೆಳಗೆ, ತಮ್ಮನದು ಮಾಳಿಗೆ ಮೇಲೆ. ರಾಜಾನುಕುಂಟೆ ಹತ್ತಿರ ಅಪ್ಪ ಬಿಟ್ಟುಹೋದ ಒಂದು ಸೈಟಿಗೆ ಕಿತ್ತಾಡಿ, ಮಾತು ಬಿಟ್ಟು ಐದು ವರ್ಷ ಆಯ್ತು. ಹೆಂಡತಿಯರೂ ಮಾತಾಡಬಾರದು ಅಂತ ಕಟ್ಟಪ್ಪಣೆ. ಅಣ್ಣನ ಹೆಂಡತೀನ ನಾನು ದೊಡ್ಡೋಳು ಅಂತೀನಿ, ತಮ್ಮನ ಹೆಂಡತೀನ ಚಿಕ್ಕೋಳು.

ದೊಡ್ಡೋಳಿಗೆ ಮೊದಲನೇ ಸಲ ತಿಂಡಿ ಮಾಡಿಕೊಡೋ ಒಂದು ಆರ್ಡರು ಬಂತು. ಹೊಸ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಹುಡುಗನ ಹುಟ್ಟುಹಬ್ಬ, ತಿಂಡಿಯೂ ಸೇರಿ ಎಲ್ಲಾ ಕ್ರಿಕೆಟ್ಟಿನ ಥರ ಇರಬೇಕಂತೆ. ಆಲೂಗಡ್ಡೆ ಪಲ್ಯ ತುಂಬಿದ ಖಾರದ ಕರ್ಜಿಕಾಯಿ, ಬಾಲಿನ ಹಂಗೆ ಗುಂಡಗೆ, ಕೆಂಪಗೆ, ಸುತ್ತ ಹೊಲಿಗೆ ಹಾಕಿದ ಹಂಗೆ ಅಂಚು. ಮೈದಾಹಿಟ್ಟಿಗೆ ಬೀಟ್‌ರೂಟ್ ರಸ ಹಾಕು ಅಂತ ಬುದ್ಧಿ ಹೇಳಿದ್ದು ನಾನೇ. ಕಲಸಿದಾಗ ಚೆನ್ನಾಗೇ ಇತ್ತು. ಎಣ್ಣೆಗೆ ಬಿಟ್ಟರೆ ಮಣ್ಣಿನ ಬಣ್ಣಕ್ಕೆ ತಿರುಗಿಕೊಳ್ತು. ಅವಳ ಗಂಡ ಒಂದನ್ನ ಎತ್ತಿ, ತಿರುಗಿಸಿ ನೋಡಿ, "ಎಂಬತ್ತು ಓವರ್ ಆಗಿದೆ, ಹೊಸ ಬಾಲ್ ತಗೊಳ್ರಿ" ಅಂದ.

೨. ಅಂಚಿನ ಓದು

ಕರ್ಜಿಕಾಯಿ ಅಂಚು ಮಡಿಸೋಕೆ ಬೆರಳು ಚುರುಕಾಗಿರಬೇಕು. ದೊಡ್ಡೋಳು ಹೋದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡವಳು. ಅಂಚು ಯಾರು ಮಡಿಸ್ತಾರಮ್ಮ ಅಂತ ಕೇಳಿದ್ದಕ್ಕೆ, ನಾನೇ, ನಿಧಾನಕ್ಕೆ ಅಂದಳು. ನನ್ನ ಮುಖ ನೋಡಲಿಲ್ಲ. ಮಲಕ್ಕೊಳ್ಳಿ ಅಜ್ಜಿ, ಸುಸ್ತಾಗಿದ್ದೀರ ಅಂತ ಮಧ್ಯಾಹ್ನಾನೇ ಮನೆಗೆ ಕಳಿಸಿಬಿಟ್ಟಳು.

ಪಾರ್ಟಿ ದಿನ ಬಡಿಸೋಕೆ ಅಂತ ನಾನೂ ನಮ್ಮ ಬೀದಿ ಹೆಂಗಸರೂ ಹೋದೆವು. ಅಗಲ ತಟ್ಟೇಲಿ ಕೊತ್ತಂಬರಿ ಚಟ್ನಿ ಹರಡಿ ಮೈದಾನ ಮಾಡಿದ್ದಳು, ಕ್ಯಾರೆಟ್ ಕಡ್ಡಿಗಳು ವಿಕೆಟ್ಟು. ಈ ಸಲ ಅಂಗಡಿ ಬಣ್ಣ ಹಾಕಿದ್ದರಿಂದ ಬಾಲುಗಳು ಕೆಂಪಗೆ ಹೊಳೀತಿದ್ದವು. ಆ ಅಂಚು ನೋಡಿದೆ ನೋಡಿ, ನನ್ನ ಎದೆ ಹಿಗ್ಗಿಹೋಯ್ತು.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ನೋಡಿ ಯಾರು ಬರೆದಿದ್ದು ಅಂತ ಹೇಳೋಕೆ ಬರಲ್ಲ. ಕರ್ಜಿಕಾಯಿ ಅಂಚು ನೋಡಿದರೆ ಯಾವ ಮನೆ ಹೆಂಗಸಿನದು ಅಂತ ಹೇಳ್ತೀನಿ. ಒತ್ತೊತ್ತಾಗಿ, ಎಡಕ್ಕೆ ವಾಲಿದ ಮಡಿಕೆ. ಎಡಗೈಯಲ್ಲಿ ಮಡಿಸೋಳು ನಮ್ಮ ಬೀದೀಲಿ ಒಬ್ಬಳೇ.

"ಇದು ಚಿಕ್ಕೋಳ ಕೈ ಕಣ್ರೇ," ಅಂದೆ, ಇಡೀ ಹಾಲಿಗೆ ಕೇಳೋ ಹಂಗೆ. "ಬೇಕಾದ್ರೆ ಹೆಬ್ಬೆಟ್ಟು ಒತ್ತಿ ಹೇಳ್ತೀನಿ. ಕಳ್ಳಿಯರು, ಗಂಡಂದಿರ ಕಣ್ಣಿಗೆ ಮಣ್ಣೆರಚಿ ಒಳಗೊಳಗೇ ಒಂದಾಗಿದ್ದಾರೆ."

ಹೆಂಗಸರೆಲ್ಲ ನನ್ನ ಬೆನ್ನ ಹಿಂದಕ್ಕೆ ನೋಡಿದರು. ತಿರುಗಿ ನೋಡಿದರೆ ದೊಡ್ಡೋಳ ಗಂಡ ತಟ್ಟೆ ಹಿಡಿದು ನನ್ನ ಹಿಂದೆನೇ ನಿಂತಿದ್ದಾನೆ. ಗಾಬರಿಗೆ ಮೊಣಕೈ ತಾಗಿ ಕ್ಯಾರೆಟ್ಟುಗಳು ಉರುಳಿದವು. "ಅಜ್ಜಿ ಹಿಟ್ ವಿಕೆಟ್" ಅಂದ ಹುಟ್ಟುಹಬ್ಬದ ಹುಡುಗ.

೩. ಒಂದು ಬಾಗಿಲು, ಎರಡು ಬೀಗ

ಮಾರನೇ ದಿನ ದೊಡ್ಡೋಳ ಗಂಡ ನಮ್ಮ ಜಗಲಿಗೇ ಬಂದು ಕೂತ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ನಮಗೆ ಗೊತ್ತಿರಲಿಲ್ವಾ ಅಜ್ಜಿ? ಹಿತ್ತಿಲ ಮೆಟ್ಟಿಲಲ್ಲಿ ದಿನಾ ಸಾರಿನ ಪಾತ್ರೆ ಇಳಿದು ಬರ್ತಿತ್ತು. ನಾನೂ ಉಣ್ತಿದ್ದೆ, ಸುಮ್ಮನಿದ್ದೆ. ಮೇಲೆ ಅವನೂ ಸುಮ್ಮನಿದ್ದ. ನೀವು ನಾಕು ಜನರ ಮುಂದೆ ಅಂದುಬಿಟ್ರಿ. ಈಗ ನಾನು ಕೇಳದೆ ಇದ್ರೆ ಮರ್ಯಾದೆ ಉಳಿಯುತ್ತಾ?"

ಹೋಗಿ ಹೆಂಡತೀನ ಕೇಳಿದ. ತಮ್ಮನಿಗೂ ಮರ್ಯಾದೆ ಇತ್ತು, ಅವನೂ ಎಗರಾಡಿದ. ಇಬ್ಬರೂ ಹೆಂಡತಿಯರಿಂದ ಮಕ್ಕಳ ತಲೆ ಮೇಲೆ ಕೈ ಇಡಿಸಿ ಮಾತಾಡಲ್ಲ ಅಂತ ಆಣೆ ಹಾಕಿಸಿದರು. ಆಣೆಗೆ ಫೋನೂ ಸೇರಿತು. ಹಿತ್ತಿಲ ಮೆಟ್ಟಿಲ ಬಾಗಿಲಿಗೆ ಅಣ್ಣ ಈ ಕಡೆಯಿಂದ ಬೀಗ ಹಾಕಿದ, ತಮ್ಮ ಆ ಕಡೆಯಿಂದ. ಒಬ್ಬನ ಮನಸ್ಸು ಕರಗಿದರೂ ಇನ್ನೊಬ್ಬನ ಬೀಗ ಇರಲಿ ಅಂತ ಕಾಣುತ್ತೆ.

ಐದು ವರ್ಷ ಆ ಹೆಣ್ಣುಮಕ್ಕಳು ಜೋಪಾನ ಮಾಡಿದ್ದನ್ನ ನಾನು ಒಂದು ಉಸಿರಿಗೆ ಊದಿಬಿಟ್ಟೆ.

೪. ಒಗ್ಗರಣೆ

ಅಷ್ಟರಲ್ಲಿ ಇನ್ನೊಂದು ಆರ್ಡರು ಬಂತು, ಈ ಸಲ ಫುಟ್‌ಬಾಲು. ದೊಡ್ಡೋಳು ಬೇಡ ಅನ್ನೋಕೆ ಹೊರಟಿದ್ದಳು. ನಾನೇ ಹೋಗಿ, ಅಂಚು ನಾನು ಮಡಿಸ್ತೀನಿ ತಾಯಿ, ಅಷ್ಟಾದರೂ ಮಾಡ್ತೀನಿ ಅಂದೆ. ಮಡಿಸಿದೆ. ಎಣ್ಣೇಲಿ ಒಂದೊಂದೂ ಬಾಯಿ ಬಿಟ್ಟುಕೊಂಡು ಪಲ್ಯ ಕಕ್ಕಿತು.

ಬೇರೆ ದಾರಿ ಇಲ್ಲದೆ ಬೀದಿ ಕಡೆ ಮೆಟ್ಟಿಲು ಹತ್ತಿ ಚಿಕ್ಕೋಳ ಹತ್ತಿರ ಹೋದೆ. ಅವಳು ನನ್ನ ಜೊತೆ ಜಗಳಕ್ಕೆ ಬರಲಿಲ್ಲ. ಅಂಚಿಗೆ ಹಾಲು ಸವರಿ ಆಮೇಲೆ ಮಡಿಸಬೇಕು ಅಂತ ತೋರಿಸಿಕೊಟ್ಟಳು. ಎದ್ದು ಹೊರಟಾಗ ಸೆರಗಲ್ಲಿ ಕಣ್ಣೊರೆಸಿಕೊಂಡು, "ಅಕ್ಕನಿಗೆ ಹೇಳಿ, ಅವರ ದನಿ ಕೇಳದೆ ನನಗೆ ತುತ್ತು ಇಳೀತಿಲ್ಲ" ಅಂದಳು.

ಕೆಳಗೆ ಬಂದು ಹಂಗೇ ಹೇಳಿದೆ. ಒಂದಕ್ಷರ ಸೇರಿಸಲಿಲ್ಲ, ದೇವರಾಣೆ.

ದೊಡ್ಡೋಳು ಜಾಲರಿ ಸೌಟು ಕೆಳಗಿಟ್ಟಳು. "ಅಜ್ಜಿ, ಈ ಒಗ್ಗರಣೆ ಎಲ್ಲಾ ಬೇಡ. ಅವಳು ಅಂಥಾ ಮಾತಾಡೋಳೇ ಅಲ್ಲ. ನಿಜ ಹೇಳಿ, ಏನಂದ್ಲು?"

ಅದೇ ಅಂದಿದ್ದು ಅಂದೆ. ನಂಬಲಿಲ್ಲ. ಅತ್ತಳು ಕಣೇ ಅಂದೆ. ಅದನ್ನಂತೂ ನಂಬಲೇ ಇಲ್ಲ. ಮುಖ ಸಣ್ಣಗಾಗಿ ಒಲೆ ಕಡೆ ತಿರುಗಿಕೊಂಡಳು. ಸರಿ ಅಂತ ಬಾಯಿಗೆ ಬಂದಿದ್ದು ಅಂದೆ:

"'ಆ ನಿಮ್ಮ ದೊಡ್ಡೋಳಿಗೆ ಹಿಟ್ಟು ಕಲಸೋಕೇ ಬರಲ್ಲ, ಅಂಚು ನಿಲ್ಲೋದು ಹೆಂಗೆ?' ಅಂದ್ಲು."

ದೊಡ್ಡೋಳ ಕಣ್ಣಲ್ಲಿ ನೀರು ತುಂಬಿಕೊಳ್ತು, ಮುಖ ಅರಳಿತು. "ಹಾಂ," ಅಂದಳು, "ಇದು ನಮ್ಮವಳು. ಇನ್ನೇನೇನು ಬೈದ್ಲು, ಕೂತ್ಕೊಂಡು ಹೇಳಿ."