ಗ್ರಹಣವಿಲ್ಲದ ದಿನ ಒನಕೆ ನಿಲ್ಲಿಸಿದ್ದು

ವಿಜ್ಞಾನದ ವಿಷಯದಲ್ಲಿ ನಾನು ಯಾರಪ್ಪನ ಮಾತನ್ನೂ ಕೇಳುವವನಲ್ಲ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸ ನನ್ನದು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮಾಲು ವಾಪಸ್! ಭಾನುವಾರ ಬಂತೆಂದರೆ ನಮ್ಮೂರು ಬೇರಿಕೆಯಲ್ಲಿ ಸೆಲ್ವಂನ ಟೀ ಅಂಗಡಿಯ ಬೆಂಚಿನ ತುದಿಯಲ್ಲಿ ಕೂತು ಗೆಳೆಯರಿಗೆ ವಿಜ್ಞಾನದ ಕತೆ ಹೇಳುತ್ತೇನೆ. ಚಂದ್ರ ಏಕೆ ಬೀಳುವುದಿಲ್ಲ, ಹಾಲು ಏಕೆ ಉಕ್ಕುತ್ತದೆ, ಎಲ್ಲಾ. ಆ ತುದಿ ನನ್ನ ಸಿಂಹಾಸನ. ಜನ ಬರುವುದು ಕತೆಗೋ ಟೀಗೋ ಎಂದು ನಾನು ಎಂದೂ ವಿಚಾರಿಸಿಲ್ಲ.

ಒಂದು ಭಾನುವಾರ ಗ್ರಹಣದ ಮಾತು ಬಂತು. ರಾಗಿ ಬೆಳೆಯುವ ಗೆಳೆಯ ಮುನಿರಾಜ, ಗ್ರಹಣ ಹಿಡಿದಾಗ ತಟ್ಟೆಗೆ ನೀರು ಹಾಕಿ ಒನಕೆ ಇಟ್ಟರೆ ಅದು ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಕೂಡಲೇ ಬೀಳುತ್ತದೆ ಎಂದ. ನನಗೆ ಮೈಯೆಲ್ಲಾ ಉರಿಯಿತು.

“ಬುಡ ಚಪ್ಪಟೆ ಇದ್ರೆ ಯಾವತ್ತು ಬೇಕಾದ್ರೂ ನಿಲ್ತದೆ ಕಣ್ಲಾ! ಗುರುತ್ವ ಕೇಂದ್ರ!”

“ಹಂಗಾರೆ ಮುಂದಿನ್ ವಾರ ಇಲ್ಲೇ ನಿಲ್ಸು. ಆಗ್ಲಿಲ್ಲಾಂದ್ರೆ ಆ ಜಾಗ ನಂದು. ಕತೆ ನಾನ್ ಹೇಳ್ತೀನಿ, ನೀನ್ ಬಾಯ್ಮುಚ್ಕೊಂಡ್ ಕೇಳ್ಬೇಕು,” ಎಂದ ಮುನಿರಾಜ.

ಸಿಂಹಾಸನಕ್ಕೇ ಕೈ ಹಾಕಿದ! ಬಿಡುವುದುಂಟೇ? ಒಪ್ಪಿಕೊಂಡೆ.

ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ಒನಕೆ ಇಳಿಸಿ ವಾರವೆಲ್ಲಾ ಅಭ್ಯಾಸ ನಡೆಸಿದೆ. ಮೊದಲ ದಿನ ಅದು ಬಿದ್ದು ಅನ್ನದ ಪಾತ್ರೆ ಸೊಟ್ಟಗಾಯಿತು. ಎರಡನೆಯ ದಿನ ನನ್ನ ಹೆಬ್ಬೆರಳು. ಶನಿವಾರ ನಿಂತೇಬಿಟ್ಟಿತು! ನನ್ನ ಹೆಂಡತಿ ಮಂಗಳ ಮಾತ್ರ ಸೊಟ್ಟ ಪಾತ್ರೆಯನ್ನೇ ನೋಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅರ್ಧ ಬೀದಿಯೇ ನೆರೆದಿತ್ತು. ಇಂಥ ಐತಿಹಾಸಿಕ ಸಂದರ್ಭಕ್ಕೆ ಸಂಗೀತವಿಲ್ಲದಿದ್ದರೆ ಹೇಗೆ? ನಾದಸ್ವರ, ತವಿಲ್ ಡೋಲು ಎಂದರೆ ನನಗೆ ಪ್ರಾಣ. ಮರದ ಬೆಂಚಿನ ಮೇಲೆ ನೀರು ಹಾಕಿದ ತಟ್ಟೆ ಇಟ್ಟು, ಪಕ್ಕದಲ್ಲೇ ನನ್ನ ದೊಡ್ಡ ಸ್ಪೀಕರ್ ಇಟ್ಟು, ಕಚೇರಿ ಶುರು ಮಾಡಿದೆ.

ಒನಕೆ ನಿಲ್ಲಿಸಿ ಕೈ ಬಿಟ್ಟೆ. ತವಿಲ್ ‘ತಕಿಟ’ ಎಂದಿತು. ಒನಕೆ ಬಿತ್ತು. ಟೀ ಗ್ಲಾಸುಗಳು ಪುಡಿ!

ಧೈರ್ಯಕ್ಕೆಂದು ಸೌಂಡು ಹೆಚ್ಚಿಸಿದೆ. ಈ ಸಲ ಮುನಿರಾಜನ ಭುಜಕ್ಕೆ ಬಿತ್ತು.

“ಇದು ನಿಲ್ಲಾಕೆ ಬಂದಿಲ್ಲ ಕಣ್ಲಾ, ಮಲಗಾಕ್ ಬಂದದೆ!” ಎಂದು ಅವನು ಭುಜ ಉಜ್ಜಿಕೊಂಡ.

ಇನ್ನಷ್ಟು ಹೆಚ್ಚಿಸಿದೆ. ಮೂರನೆಯ ಸಲ ಸೀದಾ ವಡೆಯ ತಟ್ಟೆಗೆ!

“ಅಣ್ಣಾ, ಪೋದುಂ! ಸಾಕು! ವಡೆಗೂ ಗುರುತ್ವ ಇರ್ತದಾ?” ಎಂದು ಸೆಲ್ವಂ ತಲೆಯ ಮೇಲೆ ಕೈ ಹೊತ್ತ.

ಅಷ್ಟರಲ್ಲಿ ಸೊಪ್ಪು ತರಲು ಹೊರಟಿದ್ದ ಮಂಗಳ ಅಲ್ಲಿಗೆ ಬಂದಳು. “ರೀ, ಆ ಡಬ್ಬಾ ಮೊದ್ಲು ಆರ್ಸಿ. ಬೆಂಚು ಗಡಗಡ ಅಂತಿರೋದು ಕಾಣಾಕಿಲ್ವಾ?” ಎಂದು ತಾನೇ ಸ್ಪೀಕರ್ ಆರಿಸಿದಳು. ತಟ್ಟೆಯನ್ನು ನೆಲದ ಮೇಲಿಟ್ಟು, ಒನಕೆ ನಿಲ್ಲಿಸಿ ಕೈ ಬಿಟ್ಟಳು.

ನಿಂತಿತು!

“ನೋಡ್ರಪ್ಪಾ! ಗ್ರಹಣ ಇಲ್ಲ, ಏನಿಲ್ಲ! ಗುರುತ್ವ!” ಎಂದು ಕುಣಿದೆ. ನನ್ನನ್ನು ಯಾರೂ ನೋಡಲಿಲ್ಲ. ಮುನಿರಾಜ ಚಪ್ಪಲಿ ಬಿಟ್ಟು ಕೈ ಮುಗಿದಿದ್ದ.

“ಗ್ರಹಣ ಇಲ್ದೇನೇ ನಿಂತದೆ ಅಂದ್ರೆ, ಇದು ಅಕ್ಕನ್ ಕೈಗುಣ ಕಣ್ಲಾ!”

ಮುಂದಿನ ಭಾನುವಾರ ಸಿಂಹಾಸನದ ಮೇಲೆ ಅವನೇ ಕೂತ. ಒನಕೆ ನಿಲ್ಲಿಸಿದ್ದು ನಾನಲ್ಲವಲ್ಲ! ಆ ಒನಕೆಯ ಕತೆಯನ್ನೇ ಎಷ್ಟು ಸೊಗಸಾಗಿ ಹೇಳಿದನೆಂದರೆ, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಕತೆ ಡೆಂಕಣಿಕೋಟೆ ಮುಟ್ಟುವ ಹೊತ್ತಿಗೆ ಒನಕೆ ಅಟ್ಟದಿಂದ ತಾನೇ ಇಳಿದು ನಡೆದು ಬಂದಿತ್ತಂತೆ! ಈಗ ಉಪ್ಪಿನಕಾಯಿ ಹಾಕುವವರು, ಬದನೆ ಸಸಿ ನೆಡುವವರು, ಎಲ್ಲರೂ ಮೊದಲು ಮಂಗಳಳ ಕೈ ಮುಟ್ಟಿಸಿಕೊಂಡು ಹೋಗುತ್ತಾರೆ. ಒಂದು ಮೂಢನಂಬಿಕೆ ಕಳೆಯಲು ಹೊರಟು ಇನ್ನೊಂದಕ್ಕೆ ಹೆಡ್ ಆಫೀಸ್ ತೆರೆದಿದ್ದೆ, ಅದೂ ನನ್ನ ಮನೆಯಲ್ಲೇ.

ಮೊನ್ನೆ ಕಾರ್ಖಾನೆಯಲ್ಲಿ ಅಳತೆಯ ಮಿಷನ್ ನಿಂತುಹೋಯಿತು. ಏನೇನು ತಿರುಗಿಸಿದರೂ ಮಿಸುಕಲಿಲ್ಲ. ಯಾರಿಗೂ ಕಾಣದಂತೆ ಮೂಲೆಗೆ ಹೋಗಿ ಮನೆಗೆ ಫೋನ್ ಮಾಡಿದೆ.

“ಇವಳೇ, ಒಂದ್ ಸಲ ಬಂದು ಮುಟ್ಟಿ ಹೋಗ್ತೀಯಾ?”

“ಮೊದ್ಲು ಪ್ಲಗ್ ನೋಡ್ರೀ,” ಎಂದಳು.

ನೋಡಿದೆ. ಕಿತ್ತುಬಂದಿತ್ತು.

ಫೋನಿಗೇ ಕೈ ಮುಗಿದೆ!