ಲಿಡಿಯಾಳ ಗೋತ್ರ

ಬೆಳಿಗ್ಗೆ ಏಳೂಕಾಲು. ಮಧುಸೂದನ ಹೆಲನ್‌ಗೆ ಇನ್ನೂ ಏನೂ ಹೇಳಿರಲಿಲ್ಲ.

ಸಂಜೆಯ ರೈಲಿಗೆ ಅವಳು ಬೆಂಗಳೂರಿಗೆ, ಅಲ್ಲಿಂದ ಅಮೆರಿಕಕ್ಕೆ. ಇವತ್ತು ಮಹಾಲಯ ಅಮಾವಾಸ್ಯೆ, ಮದುವೆ ಮಾತೆತ್ತುವ ದಿನವಲ್ಲ. ಆದರೆ ಅವಳ ಟಿಕೆಟ್ ಪಂಚಾಂಗ ನೋಡಿ ತೆಗೆಸಿದ್ದಾಗಿರಲಿಲ್ಲ.

ಮಧುಸೂದನ ಶಿವಮೊಗ್ಗದ ಸಹಕಾರಿ ಬ್ಯಾಂಕೊಂದರ ಗುಮಾಸ್ತ. ವಯಸ್ಸು ಮೂವತ್ತೆಂಟು. ಹಳೆ ಸಮಾಧಿಗಳ ಬಗ್ಗೆ ಅವನು ಅಂತರ್ಜಾಲದಲ್ಲಿ ಬರೆದದ್ದನ್ನು ನೋಡಿ ಓಹಾಯೊದಿಂದ ಹೆಲನ್ ಸಂಪರ್ಕಿಸಿದ್ದಳು. ಅವಳ ಅಜ್ಜಿಯ ಅಜ್ಜಿ ಲಿಡಿಯಾ ಅನಾಥಾಶ್ರಮದಲ್ಲಿ ಬೆಳೆದವಳು. ಅದಿರು ಹುಡುಕಲು ಬಂದ ಗಂಡನ ಜೊತೆ ಆಗಿನ ಬೆಂಕಿಪುರಕ್ಕೆ, ಅಂದರೆ ಈಗಿನ ಭದ್ರಾವತಿಗೆ ಬಂದು, 1884ರಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಅವಳನ್ನು ಹೆತ್ತವರು ಯಾರು? ಹೆಲನ್ ಆರು ವರ್ಷದಿಂದ ಹುಡುಕುತ್ತಿದ್ದಳು. ಜೊತೆಗೆ ವಿಡಿಯೊ ಕರೆಯಲ್ಲಿ ಮಧುಸೂದನನಿಂದ ಕನ್ನಡ ಕಲಿತಿದ್ದಳು. ಕಲಿಸುತ್ತ ಕಲಿಸುತ್ತ ಅವನು ಹಾದಿ ತಪ್ಪಿದ್ದ. ಹೋದ ವಾರ ಅವಳು ಶಿವಮೊಗ್ಗಕ್ಕೇ ಬಂದಿಳಿದಿದ್ದಳು.

ಸಮಾಧಿ ಅವನಿಗೆ ಸಿಕ್ಕಿದ್ದು ನಿನ್ನೆ, ಭದ್ರಾವತಿಯಲ್ಲಿ, ಲಂಟಾನ ಪೊದೆಯ ಅಡಿಯಲ್ಲಿ. ಕಾರಿನಲ್ಲಿ ಇಬ್ಬರೇ ಅಲ್ಲಿಗೆ ಹೋಗುವಾಗ ಹೇಳಿಬಿಡೋಣ ಎಂದು ಅವನು ಜೇಬಿನಲ್ಲಿ ಒಂದು ಮೊಳ ಮಲ್ಲಿಗೆ ಇಟ್ಟುಕೊಂಡಿದ್ದ. ಕಾರಿನ ಬಾಗಿಲು ತೆಗೆದರೆ ಹಿಂದಿನ ಸೀಟಿನಲ್ಲಿ ಅಮ್ಮ ಶಕುಂತಲಮ್ಮ, ಪಕ್ಕದ ಮನೆ ಸೀತಾಲಕ್ಷ್ಮಿ, ಇಬ್ಬರ ನಡುವೆ ಒಂದು ದೊಡ್ಡ ಚೀಲ.

“ನೀವ್ಯಾಕೆ?”

“ಆ ಹುಡುಗಿ ಸಮಾಧಿ ಮುಂದೆ ಒಬ್ಬಳೇ ಅಳ್ಬೇಕೇನೋ?” ಅಂದರು ಅಮ್ಮ.

ದಾರಿಯುದ್ದಕ್ಕೂ ಸೀತಾಲಕ್ಷ್ಮಿಯದೇ ಮಾತು. ಮಲ್ಲಿಗೆ ಗಮಗಮ ಅಂದಾಗ, “ಮಧೂ, ಹೊಸ ಸೆಂಟಾ?” ಎಂದೂ ಕೇಳಿಯಾಯಿತು.

ಸಮಾಧಿಯ ಕಲ್ಲು ತೊಳೆದರು. ‘ಲಿಡಿಯಾ, ಓಹಾಯೊ’ ಎಂದಷ್ಟೇ ಇತ್ತು. ತಂದೆಯ ಹೆಸರಿಲ್ಲ, ಮನೆತನದ ಹೆಸರಿಲ್ಲ. ಹೆಲನ್ ಹುಲ್ಲಿನ ಮೇಲೆ ಕೂತುಬಿಟ್ಟಳು.

“ಇವರಿಗೆ ಯಾರೂ ಇಲ್ಲ,” ಅಂದಳು ತನ್ನ ಪಾಠದ ಕನ್ನಡದಲ್ಲಿ.

ಶಕುಂತಲಮ್ಮ ಸೆರಗಿನಿಂದ ಅವಳ ಕಣ್ಣು ಒರೆಸಿದರು. “ಮಧೂ, ಇವತ್ತು ಅಪ್ಪನಿಗೆ ತರ್ಪಣ ಕೊಡ್ತೀಯಲ್ಲ, ಇವಳಿಗೂ ಕೊಡೋ. ಯಾರೂ ಇಲ್ಲದವರಿಗೂ ಇವತ್ತು ಕೊಡಬಹುದು.”

ಮಧ್ಯಾಹ್ನದೊಳಗೆ ಮುಗಿಯಬೇಕು. ಕಾರು ಶಿವಮೊಗ್ಗಕ್ಕೆ ಓಡಿತು. ಕೋಟೆ ಬಳಿಯ ತುಂಗೆಯ ಮೆಟ್ಟಿಲ ಮೇಲೆ ಪುರೋಹಿತರಾದ ಸೋದರಮಾವ ಹಿರಿಯಣ್ಣ ದರ್ಭೆ ಹಿಡಿದು ಕಾಯುತ್ತಿದ್ದರು.

“ಸಮಾಧಿ ಮುಟ್ಟಿ ಬಂದೋನು, ಮೊದಲು ಮುಳುಗು!” ಎಂದು ಸೀತಾಲಕ್ಷ್ಮಿ ಹಿಂದಿನಿಂದ ಕೂಗಿದರು. ಮಧುಸೂದನ ಅಂಗಿ ಸಮೇತ ಮುಳುಗಿದ. ಎದ್ದಾಗ ಮಲ್ಲಿಗೆ ಬೇಯಿಸಿದ ಶಾವಿಗೆಯಂತೆ ಜೇಬಿನಿಂದ ಜೋತಾಡುತ್ತಿತ್ತು.

ಅಪ್ಪನ ತರ್ಪಣ ಆಯಿತು.

“ಈಗ ಆ ಲಿಡಿಯಮ್ಮ. ಗೋತ್ರ?” ಮಾವನಿಗೆ ಅಮ್ಮ ಫೋನಿನಲ್ಲೇ ವಿಷಯ ಮುಟ್ಟಿಸಿದ್ದರು.

“ಗೊತ್ತಿಲ್ಲ ಮಾವ. ಅದನ್ನೇ ತಾನೆ ಆರು ವರ್ಷದಿಂದ ಹುಡುಕ್ತಿರೋದು?”

“ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಕಣೋ. ಬಿಡು ನೀರು.”

ಮಧುಸೂದನ ಎಳ್ಳು ನೀರು ಬಿಟ್ಟ. ಕಾಶ್ಯಪ ಗೋತ್ರದ ಲಿಡಿಯಾ ತೃಪ್ತಳಾಗಲಿ ಎಂದು ಮೂರು ಸಲ ಹೇಳಿದ.

“ಕಾಶ್ಯಪ ಅಂದರೆ ಏನು?” ಹೆಲನ್ ಕೇಳಿದಳು.

ವಿವರಿಸುವ ಅವಕಾಶ ಸಿಕ್ಕರೆ ಮಧುಸೂದನ ಬಿಡುವವನಲ್ಲ. “ಕಶ್ಯಪ ಒಬ್ಬ ಋಷಿ. ಯಾರ ಮೂಲ ಗೊತ್ತಿಲ್ಲವೋ ಅವರೆಲ್ಲ ಅವನ ಮಕ್ಕಳು ಅಂತ ಲೆಕ್ಕ. ಲಿಡಿಯಾ ಅನಾಥೆ ಅಲ್ಲ. ದೊಡ್ಡ ಕುಟುಂಬದವಳು. ನಮ್ಮದೂ ಅದೇ ಗೋತ್ರ!”

ಹೆಲನ್ ಅಳುತ್ತಲೇ ನಕ್ಕಳು. ಆರು ವರ್ಷದಲ್ಲಿ ಅವಳು ಹಾಗೆ ನಕ್ಕಿರಲಿಲ್ಲ.

ಸೀತಾಲಕ್ಷ್ಮಿ ಮೂಗಿನ ಮೇಲೆ ಬೆರಳಿಟ್ಟರು. “ಅಯ್ಯೋ ಮಾರಾಯ, ಸಗೋತ್ರ! ಹಾಗಾದ್ರೆ ನೀವಿಬ್ಬರೂ ಅಣ್ಣ ತಂಗಿ ಆದ್ರಲ್ಲೋ!”

ಒದ್ದೆ ಅಂಗಿಯ ಮಧುಸೂದನನಿಗೆ ಆಗ ನಿಜವಾಗಿ ಚಳಿಯಾಯಿತು. ಮಾವನ ಕಿವಿಯ ಬಳಿ ಬಗ್ಗಿದ. “ಮಾವ, ಬೇರೆ ಯಾವುದಾದ್ರೂ ಗೋತ್ರ ಕೊಡೋಕಾಗಲ್ವಾ? ಭಾರದ್ವಾಜ? ಕೌಶಿಕ?”

“ನೀರು ಬಿಟ್ಟಾಯ್ತಲ್ಲೋ! ಇದೇನು ಬಸ್ಸಿನ ಸೀಟಾ ಬದಲಾಯಿಸೋಕೆ?”

ಇವೆಲ್ಲ ಮನುಷ್ಯರು ಮಾಡಿಕೊಂಡ ಲೆಕ್ಕ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಹೆಲನ್ ಅವನ ಎರಡೂ ಕೈ ಹಿಡಿದುಕೊಂಡಳು.

“ಅಣ್ಣ,” ಅಂದಳು. “ನನಗೆ ಅಣ್ಣ ಇರಲಿಲ್ಲ.”

ಆ ಮುಖ ನೋಡಿ ಅವನು ಬಾಯಿ ಮುಚ್ಚಿದ.

ಶಕುಂತಲಮ್ಮ ಚೀಲದಿಂದ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ತೆಗೆದರು. ಮಗನತ್ತ ತಿರುಗಿ ಮೆಲ್ಲಗೆ, “ನನಗೆ ಮೊದಲಿಂದ ಗೊತ್ತಿತ್ತು ಕಣೋ. ಸೊಸೆಗೆ ಅಂತ ತಂದಿದ್ದೆ,” ಅಂದರು.

“ಅಮಾವಾಸ್ಯೆ ದಿನ ಸೀರೆ ಕೊಡ್ತಾರೇನ್ರೀ?” ಸೀತಾಲಕ್ಷ್ಮಿ ತಡೆದರು.

“ಮಗಳಿಗೆ ಕೊಡೋಕೆ ದಿನ ನೋಡ್ತಾರೇನೇ ಮಾರಾಯ್ತಿ?”

ಹೆಲನ್ ಸೀರೆ ಎದೆಗವಚಿಕೊಂಡು ಸಂಜೆಯ ರೈಲು ಹತ್ತಿದಳು.

ಮರುವರ್ಷದ ಮಹಾಲಯ ಅಮಾವಾಸ್ಯೆಗೂ ಮಧುಸೂದನ ಲಿಡಿಯಾಳಿಗೆ ತರ್ಪಣ ಕೊಟ್ಟ. ಓಹಾಯೊದಿಂದ ಬಂದಿದ್ದ ರಾಖಿ ಅವನ ಕೈಯಲ್ಲಿ ಇನ್ನೂ ಇತ್ತು.