ಓಡಂಗಿಲ್ಲ ಅಂದರೆ ಕೊಡಂಗಿಲ್ಲ

ನಮ್ಮ ಮನೆಯವರಿಗೆ ಕಿವಿ ಕೇಳುವುದಿಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಅವರ ಕಿವಿಗೆ ಏನೂ ಆಗಿಲ್ಲ. ಆಗಿರುವುದೆಲ್ಲ ರೋಣ ತಾಲೂಕಿನ ಮಂದಿಯ ಬಾಯಿಗೆ! ಇದು ನನ್ನ ಅಭಿಪ್ರಾಯವಲ್ಲ, ಅವರದೇ.

"ಈಗಿನ ಮಂದಿ ತುಟೀನ ಬಿಚ್ಚಂಗಿಲ್ಲ ನೋಡು. ಬಾಯಾಗ ಕಡ್ಲಿ ಇಟಗೊಂಡು ಮಾತಾಡಿದಂಗ ಮಾತಾಡತಾರ" ಎನ್ನುತ್ತಾರೆ. ಪೇಟೆಯಲ್ಲಿ ಕಡಲೆ, ಜೋಳ, ಹತ್ತಿ ಕೊಂಡು ಮಾರುವ ಮನುಷ್ಯ. ಹೋಲಿಕೆಗಳೂ ಅಂಗಡಿಯ ಚೀಲದಿಂದಲೇ ಬರುತ್ತವೆ. ಅಂಗಡಿಯಲ್ಲಿ ಅವರಿಗೇನೂ ತೊಂದರೆಯಿಲ್ಲ. ಅಲ್ಲಿ ಬೆರಳ ಸನ್ನೆಯಲ್ಲೇ ವ್ಯಾಪಾರ ಮುಗಿಯುತ್ತದೆ, ಕಿವಿಗೆ ಕೆಲಸವೇ ಇಲ್ಲ. ತೊಂದರೆಯೆಲ್ಲ ಮನೆಯಲ್ಲಿ, ಮದುವೆ ಮುಂಜಿವೆಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಸಾವು ನೋವುಗಳಲ್ಲಿ!

ಒಮ್ಮೆ ಚಿಕ್ಕನರಗುಂದದ ಪರಿಚಯದ ರೈತರೊಬ್ಬರು ನಮ್ಮ ಕಟ್ಟೆಯ ಮೇಲೆ ಕುಳಿತು, ಮುಖ ಸಣ್ಣದು ಮಾಡಿಕೊಂಡು, "ಮೊನ್ನೆ ನಮ್ಮ ಅತ್ತಿ ಹೋದ್ರರೀ" ಎಂದರು. ಅತ್ತೆ ತೀರಿಕೊಂಡ ಸುದ್ದಿ. ಇವರಿಗೆ ಕೇಳಿಸಿದ್ದು ಹತ್ತಿ.

"ಭಾಳ ಚಲೋ ಆತು ಬಿಡ್ರಿ!" ಎಂದು ಇವರು ಅವರ ಬೆನ್ನು ತಟ್ಟಿದರು. "ಎಷ್ಟ ದಿನ ಅಂತ ಮನ್ಯಾಗ ಇಟಗೊಂಡು ಕುಂಡ್ರತೀರಿ? ಇಟ್ಟಂಗೆಲ್ಲಾ ತೂಕ ಕಡಿಮಿ ಆಗತೈತಿ!"

ಒಳಗೆ ಚಹಾ ಸೋಸುತ್ತಿದ್ದ ನಾನು ಸೋಸಣಿಕೆಯನ್ನೇ ಕಪ್ಪಿಗೆ ಬೀಳಿಸಿದೆ. ಆ ಪುಣ್ಯಾತ್ಮರು, "ಅದೂ ಖರೇನ ಬಿಡ್ರಿ, ಕಡೀ ಕಡೀಗೆ ಭಾಳ ಸೊರಗಿದ್ರು" ಎಂದು ಕಣ್ಣೊರೆಸಿಕೊಂಡರು. ಇಬ್ಬರೂ ಪೂರ್ತಿ ಸಮಾಧಾನದಿಂದ ಚಹಾ ಕುಡಿದರು. ಇಂಥ ಗಂಡನನ್ನು ಕಟ್ಟಿಕೊಂಡು ನಾನು ನಗಬೇಕೋ, ಅಳಬೇಕೋ?

ನನಗೇನೋ ರೂಢಿಯಾಗಿತ್ತು. ರೂಢಿಯಾಗದೆ ಉಳಿದವಳು ನಮ್ಮ ಒಬ್ಬಳೇ ಮಗಳು ಪಲ್ಲವಿ. ಹದಿನಾರರ ಹುಡುಗಿ, ಪಿಯುಸಿ ಓದಲು ದಿನವೂ ಗದಗಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಒಂದು ದಿನ ಅವಳು ಮರೆತ ಬುತ್ತಿ ಡಬ್ಬಿಯನ್ನು ಕೊಡಲು ಅಪ್ಪ ಬಸ್ ಸ್ಟ್ಯಾಂಡಿಗೆ ಓಡಿದರು. ಕಿಟಕಿಯ ಕೆಳಗೆ ನಿಂತು, ಒಳಗೆ ಏನೇನು ಪಲ್ಯ ಇದೆ ಎಂದು ಊರಿಗೆಲ್ಲ ಕೇಳುವಂತೆ ವರದಿ ಒಪ್ಪಿಸತೊಡಗಿದರು. ಗೆಳತಿಯರ ಮುಂದೆ ಹುಡುಗಿಗೆ ನೆಲ ಬಿರಿಯಬಾರದೇ ಅನ್ನಿಸಿತು. "ಅಪ್ಪಾ, ಸಣ್ಣಗ... ಸಣ್ಣಗ..." ಎಂದು ಕೈಮಾಡಿದಳು.

"ಸಣ್ಣಗ ಆಗೇನಿ? ನಾನು?" ಇವರ ದನಿ ಇನ್ನೂ ಏರಿತು. "ಎಲ್ಲಿ ಸಣ್ಣಗ ಆಗಲವಾ! ನಿಮ್ಮವ್ವ ದಿನಾ ಬದನೀಕಾಯಿ ಎಣಗಾಯಿ ಮಾಡಿ ಹಾಕತಾಳ. ಪ್ಯಾಂಟಿನ ಗುಂಡಿ ಹತ್ತವಲ್ಲದು!"

ಬಸ್ಸಿಗೆ ಬಸ್ಸೇ ನಕ್ಕಿತು. ಡ್ರೈವರ್ ಕೂಡ ತಿರುಗಿ ನೋಡಿ ನಕ್ಕನಂತೆ.

ಅಂದಿನಿಂದ ಮಗಳು ಅಪ್ಪನ ಜೊತೆ ಮಾತು ನಿಲ್ಲಿಸಿದಳು. ಜಗಳವೇನಿಲ್ಲ. ಊಟಕ್ಕೆ ಕರೆಯಬೇಕಾದರೆ ನನಗೆ ಹೇಳುವಳು, ನಾನು ಅವರಿಗೆ ಕೂಗುವೆ. ಮೊದಮೊದಲು ಇದನ್ನು ಹುಡುಗಾಟಿಕೆ ಅಂದುಕೊಂಡೆ. ಆಮೇಲೆ ಯೋಚಿಸಿದರೆ ಅವಳ ಕಷ್ಟವೂ ತಿಳಿಯಿತು. ಆ ವಯಸ್ಸಿನ ಹುಡುಗಿಗೆ ಅಪ್ಪನ ಹತ್ತಿರ ಹೇಳಿಕೊಳ್ಳುವ ಮಾತುಗಳಿರುತ್ತವೆ. ಪರೀಕ್ಷೆಯ ಅಂಜಿಕೆ, ಗೆಳತಿಯ ಮೇಲಿನ ಮುನಿಸು, ಸುಮ್ಮನೆ ಬರುವ ಬೇಸರ. ಇವನ್ನೆಲ್ಲ ಯಾರಾದರೂ ಓಣಿಗೆ ಕೇಳುವಂತೆ ಒದರಿ ಹೇಳುತ್ತಾರೆಯೇ? ಒದರದೆ ಹೇಳಿದರೆ ಇವರಿಗೆ ಮುಟ್ಟುತ್ತದೆಯೇ? ಹಾಗಾಗಿ ಆ ಮಾತುಗಳೆಲ್ಲ ಅವಳೊಳಗೇ ಉಳಿದವು. ಕಿವಿಯ ಡಾಕ್ಟರ ಹತ್ತಿರ ಹೋಗೋಣ ಎಂದು ನಾನು ಎಷ್ಟು ಸಲ ಅಂದರೂ, "ಮೊದಲು ನಿನ್ನ ಗಂಟಲಾ ತೋರಸು" ಎಂಬ ಉತ್ತರ ತಯಾರಿರುತ್ತಿತ್ತು.

ಬೇಸಿಗೆ ರಜೆ ಬಂತು. ಒಂದು ಮಧ್ಯಾಹ್ನ ಕಡಲೆ ನೋಡಲು ಹೊಳೆಆಲೂರಿಗೆ ಹೋದವರು ಸಂಜೆ ಟ್ರ್ಯಾಕ್ಟರಿನ ಮೇಲೆ ಕುಳಿತು ಬಂದರು. ಟ್ರ್ಯಾಕ್ಟರಿನ ಹಿಂದೆ ಹಗ್ಗ. ಹಗ್ಗದ ಹಿಂದೆ ಒಂದು ಹಳೆಯ ಅಂಬಾಸಿಡರ್ ಕಾರು! ಹೊಳೆಯ ನೀರು ಊರೊಳಗೆ ನುಗ್ಗಿದಾಗ ಬಾಗಿಲಿನ ಮಟ್ಟಕ್ಕೆ ಮುಳುಗಿ, ಆಮೇಲೆ ವರ್ಷಗಟ್ಟಲೆ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಕಾರು ಅದು. ಬಣ್ಣ ಯಾವುದೆಂದು ಕಾರಿಗೇ ನೆನಪಿರಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವು ಕುಳಿತಿತ್ತು. ಅದು ಇಳಿಯಲು ಒಪ್ಪದ್ದರಿಂದ ಹಾಗೇ ಕರೆದುಕೊಂಡು ಬಂದಿದ್ದರು!

ಕಾರಿನ ಮಾಲೀಕರು ಪ್ರಾಮಾಣಿಕರು. "ಇದು ಓಡಂಗಿಲ್ರಿ" ಎಂದು ಮತ್ತೆ ಮತ್ತೆ ಹೇಳಿದರಂತೆ. ಇವರಿಗೆ ಅದು "ಕೊಡಂಗಿಲ್ರಿ" ಎಂದು ಕೇಳಿಸಿದೆ. ಕೊಡುವುದಿಲ್ಲ ಎಂದರೆ ಬಿಡುವ ವ್ಯಾಪಾರಿಯೇ ಇವರು? ಮಾಲೀಕರು ಓಡಂಗಿಲ್ಲ ಎಂದಷ್ಟೂ ಇವರು ಕೈಕೈ ಹಿಡಿದು ಕೇಳಿಕೊಂಡಿದ್ದಾರೆ. ಕಡೆಗೆ ಅವರೇ ದಣಿದು, "ಒಯ್ಯಪಾ, ನಿನ್ನ ಹಣೇಬಾರ" ಎಂದು ಚಾವಿ ಕೊಟ್ಟರಂತೆ.

ಅಂಗಳದಲ್ಲಿ ನಿಂತು ಇವರು ಘೋಷಿಸಿದರು: "ಇನ್ನ ಮ್ಯಾಲೆ ನನ್ನ ಮಗಳು ಬಸ್ಸಿನ್ಯಾಗ ಹೋಗಂಗಿಲ್ಲ. ನಾನ ಕಾಲೇಜಿನ ಬಾಗಲಾ ಮಟಾ ಬಿಟ್ಟು ಬರತೀನಿ!"

ಮಗಳು ನನ್ನ ಸೆರಗು ಹಿಡಿದಳು. "ಅವ್ವಾ, ಅದು ಜಲ್ಮಕ್ಕ ರಿಪೇರಿ ಆಗಬಾರದು ಅಂತ ದೇವರಿಗೆ ಬೇಡಿಕೋ!"

ನಮ್ಮ ಓಣಿಯ ಮೆಕ್ಯಾನಿಕ್ ಮಾಬುಸಾಬ ಬಂದು, ಬಾನೆಟ್ ಎತ್ತಿ, ಇಲಿ ಕಡಿದ ವೈರುಗಳನ್ನು ನೋಡಿ, ಗೌರವದಿಂದ ಮುಚ್ಚಿದ. "ಸಾಹುಕಾರ್ರ, ಇದಕ್ಕ ಮಣ್ಣ ಹಾಕೂದಷ್ಟ ಬಾಕಿ ಐತ್ರಿ."

ಇವರ ಮುಖ ಅರಳಿತು. "ಕೇಳಿದೇನು? ಬಣ್ಣಾ ಹಾಕೂದಷ್ಟ ಬಾಕಿ ಐತಂತ!"

ಇಷ್ಟು ಖುಷಿಯಾಗಿರುವ ಮನುಷ್ಯನಿಗೆ ತಿದ್ದಿ ಹೇಳುವ ಎದೆಗಾರಿಕೆ ಯಾರಿಗಿದೆ? ಮಾಬುಸಾಬನೂ ನಿಟ್ಟುಸಿರು ಬಿಟ್ಟು ನಟ್ಟು ತಿರುಗಿಸುವ ಪಾನಾ ಕೈಗೆತ್ತಿಕೊಂಡ. ಬಿಡುವಾದಾಗ ಬಂದು ಎಂಜಿನ್ ಬಿಚ್ಚಿದ, ತೊಳೆದ, ಜೋಡಿಸಿದ. ಒಂದು ಸಂಜೆ ಅದು ನಾಲ್ಕು ಸಲ ಕೆಮ್ಮಿ, ಗುಡುಗಿ, ಹೊಗೆ ಉಗುಳಿ, ನಿಂತೇಬಿಟ್ಟಿತು. ಮಾಬುಸಾಬ ಕೈ ತೊಳೆಯಲು ಹೋದ. ಇವರು ಮಾತ್ರ ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗುತ್ತಿದ್ದರು. "ಆಹಾ! ಹ್ಯಾಂಗ ಹಾಡಾಕತ್ತೈತಿ ನೋಡು!"

ಹಾಡುತ್ತಿದ್ದುದು ಪಕ್ಕದ ಮನೆಯ ಹಿಟ್ಟಿನ ಗಿರಣಿ! ಅದು ಶುರುವಾದರೆ ನಮ್ಮ ಅಂಗಳವೆಲ್ಲ ಅದುರುತ್ತದೆ.

ಕಟ್ಟೆಯ ಮೇಲೆ ಮೊಬೈಲ್ ನೋಡುತ್ತ ಕುಳಿತಿದ್ದ ಪಲ್ಲವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಥಟ್ಟನೆ ನಗು ನಿಲ್ಲಿಸಿದಳು. ಅಪ್ಪ ಕಣ್ಣು ತೆರೆಯಲಿಲ್ಲ. ಅವಳು ನಕ್ಕದ್ದೂ ಅವರಿಗೆ ಗೊತ್ತಾಗಿರಲಿಲ್ಲ. ಅವಳು ಕೆಳಗಿಳಿದು, ಅವರ ಎದುರಿಗೆ ಹೋಗಿ ನಿಂತು, ಗಿರಣಿಯ ಕಡೆ ಕೈತೋರಿಸಿದಳು. ಅವರು ಗಿರಣಿ ನೋಡಿದರು, ಕಾರು ನೋಡಿದರು, ಮಗಳನ್ನು ನೋಡಿದರು. "ಹೌದ?" ಎಂದಷ್ಟೇ ಅಂದರು. ಮಗಳು ಚೂಡಿದಾರದ ತೋಳು ಮೇಲೇರಿಸಿ ಬಾನೆಟ್ಟಿನೊಳಗೆ ಬಗ್ಗಿದಳು.

ಅಂದಿನಿಂದ ಅಪ್ಪನ ಕೈ, ಮಗಳ ಕಿವಿ. ಎಲ್ಲಿ ಕಟಕಟ ಅನ್ನುತ್ತದೆ, ಎಲ್ಲಿ ಗಾಳಿ ಸೋರುತ್ತದೆ ಎಂದು ಅವಳು ಕೇಳಿ ಬೆರಳಿನಿಂದ ತೋರಿಸುವಳು, ಅವರು ಬಿಗಿಯುವರು. ಕಾರ್ಬುರೇಟರ್ ಬಿಚ್ಚುವುದನ್ನು ಮೊಬೈಲಿನಲ್ಲಿ ನೋಡಿ ಕಲಿತಳು. ಇಬ್ಬರೂ ಗಂಟೆಗಟ್ಟಲೆ ಬಾಗಿಲುಗಳ ತುಕ್ಕು ಉಜ್ಜಿದರು. ಎದುರಿಗೆ ನಿಂತು, ತುಟಿ ಕಾಣುವಂತೆ ನಿಧಾನ ಮಾತಾಡಿದರೆ ಅಪ್ಪನಿಗೆ ಒದರಬೇಕಾಗಿಲ್ಲ ಎಂದು ಅವಳೇ ಕಂಡುಕೊಂಡಳು. ಇಷ್ಟು ವರ್ಷ ಅಡುಗೆಮನೆಯಿಂದ ಕೂಗಿ ಕೂಗಿ ಗಂಟಲು ಹರಿದುಕೊಂಡ ನನಗೆ ಇದು ಹೊಳೆದಿರಲೇ ಇಲ್ಲ ನೋಡಿ!

ನಾನೂ ಸುಮ್ಮನೆ ಕೂರಲಿಲ್ಲ. ಸೀಟಿಗೆ ಕವರ್ ಹೊಲಿಯುತ್ತೇನೆ, ಬೂದಿ ಬಣ್ಣದ ಬಟ್ಟೆ ತನ್ನಿ ಎಂದೆ. ಎದುರಿಗೆ ನಿಂತು ಹೇಳುವುದನ್ನು ಮರೆತೆ. ಇವರು ಊದಾ ಬಣ್ಣದ್ದು ತಂದರು! ಹೊಲಿದೆ. ಗದಗ ಜಿಲ್ಲೆಯಲ್ಲಿ ಬದನೆಕಾಯಿ ಬಣ್ಣದ ಸೀಟಿರುವ ಕಾರು ಇನ್ನೊಂದಿದ್ದರೆ ತೋರಿಸಿ.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಅದು ನಡೆಯಿತು. ಇವರು ಸ್ಟೇರಿಂಗ್ ಮುಂದೆ ಕುಳಿತಿದ್ದರು. ಮಗಳು ಎತ್ತಿದ ಬಾನೆಟ್ಟಿನ ಹಿಂದೆ, ಕಾಣದಂತೆ, ಎಂಜಿನ್ನಿನೊಳಗೆ ಬಗ್ಗಿದ್ದಳು. "ತಡೀರಿ ಅಪ್ಪಾ, ತಡೀರಿ!" ಎಂದು ಕೂಗಿದಳು. ಅವರಿಗೆ ಕೇಳಿಸಿದ್ದು "ಹೊಡೀರಿ". ಸೆಲ್ಫ್ ಹೊಡೆದೇಬಿಟ್ಟರು. ಫ್ಯಾನು ತಿರುಗಿ ಅವಳ ಕೊರಳಲ್ಲಿದ್ದ ಓಡ್ನಿಯ ತುದಿ ಎಳೆದುಕೊಂಡಿತು. ಪಕ್ಕದಲ್ಲಿದ್ದ ಮಾಬುಸಾಬ ಅವಳನ್ನು ಹಿಂದಕ್ಕೆ ಜಗ್ಗಿದ. ಓಡ್ನಿ ಪರ್ರನೆ ಹರಿಯಿತು, ಹುಡುಗಿ ಉಳಿದಳು. ಕೊರಳ ಮೇಲೊಂದು ಕೆಂಪು ಗೆರೆ ಮೂಡಿತ್ತು, ಅಷ್ಟೇ.

ಇವರು ಇಳಿದು ಬಂದು ಆ ಗೆರೆ ನೋಡಿದರು, ಚೂರಾದ ಬಟ್ಟೆ ನೋಡಿದರು. ಮಗಳು ಅಂಗೈಯಿಂದ ಕೊರಳು ಮುಚ್ಚಿಕೊಂಡು, "ನನಗೇನೂ ಆಗಿಲ್ಲಪ್ಪಾ" ಎಂದಳು. ಅವರು ಚಾವಿಯನ್ನು ನನ್ನ ಕೈಯಲ್ಲಿಟ್ಟು ಒಳಗೆ ಹೋದರು.

ಆಮೇಲೆ ಅವರು ಕಾರಿನ ಹತ್ತಿರ ಸುಳಿಯಲಿಲ್ಲ. ಬೆಳಗ್ಗೆ ಎದ್ದು ಅಂಗಡಿಗೆ, ಸಂಜೆ ಬಂದರೆ ಹಾಸಿಗೆಗೆ. ಯಾರೊಂದಿಗೂ ಮಾತಿಲ್ಲ. ಬಾಯಿಗೆ ಬೀಗ ಹಾಕಿದರೆ ಸಾಕೆಂದು ನಾನು ಎಷ್ಟು ಸಲ ಹಂಬಲಿಸಿದ್ದೆನೋ! ಬೀಗ ಬಿದ್ದ ಮೇಲೆ ಮನೆಯಲ್ಲಿ ಗೋಡೆ ಗಡಿಯಾರ ಇರುವುದು ನನಗೆ ಮೊದಲ ಸಲ ಗೊತ್ತಾಯಿತು. ಅದರ ಟಿಕ್ ಟಿಕ್ ಕೇಳಲಾಗುತ್ತಿರಲಿಲ್ಲ.

ಒಂದು ದಿನ ನಡು ಮಧ್ಯಾಹ್ನ ಪಲ್ಲವಿ ಚಪ್ಪಲಿ ಮೆಟ್ಟಿದಳು. ನನ್ನನ್ನೂ ಕರೆದುಕೊಂಡು ನೇರ ಪೇಟೆಗೆ ನಡೆದಳು. ಅಂಗಡಿಯ ಮುಂದೆ ಹಮಾಲರು, ರೈತರು, ವ್ಯಾಪಾರಿಗಳು, ಜಾತ್ರೆಯಷ್ಟು ಮಂದಿ. ಇವರು ಬೆನ್ನು ತಿರುಗಿಸಿಕೊಂಡು ಕಾಳು ನೋಡುತ್ತಿದ್ದರು. ಹುಡುಗಿ ನಡುವೆ ನಿಂತು ಕೂಗಿದಳು ನೋಡಿ!

"ಅಪ್ಪಾ! ಮನೀಗೆ ಬರ್ರಿ! ನಮ್ಮ ಕಾರು ಅರ್ಧಕ್ಕ ನಿಂತೈತಿ! ಒಬ್ಬಾಕೀನ ಹ್ಯಾಂಗ ಮಾಡಲಿ?"

ತಕ್ಕಡಿಗಳು ನಿಂತವು. ಪೇಟೆಗೆ ಪೇಟೆಯೇ ತಿರುಗಿತು. ಕಟ್ಟಕಡೆಗೆ ಇವರೂ ತಿರುಗಿದರು. ಗಾಬರಿಯಿಂದ ಓಡಿಬಂದು, ಆಚೀಚೆ ನೋಡಿ, ಮಗಳಿಗೆ ಮೆಲ್ಲಗೆ ಹೇಳಿದರು: "ಒದರಬ್ಯಾಡವಾ, ಮಂದಿ ನೋಡತಾರ!"

ನಾನು ನಕ್ಕೆ. ಮಗಳು ಮಾತ್ರ ನಗಲಿಲ್ಲ. ಅಪ್ಪನ ಕೈ ಹಿಡಿದು, ಅಷ್ಟು ಜನರ ನಡುವಿನಿಂದ ಕರೆದುಕೊಂಡು ಬಂದಳು.

ಕಾರು ಮುಗಿಯಿತು. ಬೆಳ್ಳನೆಯ ಬಣ್ಣ ಬಳಿದುಕೊಂಡು, ಊದಾ ಸೀಟು ಹಾಕಿಕೊಂಡು ಹೊರಟು ನಿಂತಿತು. ಇವರು ಚಾವಿಯನ್ನು ಮಾಬುಸಾಬನ ಕೈಗೆ ಕೊಟ್ಟು, "ನೀನ ಹೊಡಿಯಪಾ. ನಾ ಹೊಡಿಯಂಗಿಲ್ಲ" ಎಂದು ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕುಳಿತರು. ನಾನು ಮುಂದೆ. ಚಿಕ್ಕನರಗುಂದದ ಹಾದಿ, ಎರಡೂ ಬದಿಗೆ ಉತ್ತು ಬಿಟ್ಟ ಎರೆಹೊಲ, ಸಂಜೆಯ ಬಿಸಿಲು. ಇವರು ಹೊರಗೆ ನೋಡುತ್ತಲೇ ಇದ್ದರು. ಕೊಂಚ ಹೊತ್ತಿನ ಮೇಲೆ, ಮದುವೆಯಾದಂದಿನಿಂದ ನಾನು ಕೇಳಿರದಂಥ ಸಣ್ಣ ದನಿಯಲ್ಲಿ ಕೇಳಿದರು.

"ಪಲ್ಲವಿ, ನನಗ ಖರೇನ ಕೇಳಸಂಗಿಲ್ಲವಾ. ಹ್ಯಾಂಗೈತಿ ಅದರ ಸಪ್ಪಳ?"

ಅವಳು ಅವರ ಕಡೆ ತಿರುಗಿ, ತುಟಿ ಕಾಣುವಂತೆ ಹೇಳಿದಳು: "ನೀವು ಉಂಡು ಮಲಗಿದಾಗ ಗೊರಕಿ ಹೊಡೀತೀರಲ್ಲಾ ಅಪ್ಪಾ, ಥೇಟ್ ಹಂಗ ಐತಿ."

ಅವರು ನಕ್ಕರು. ನಕ್ಕು, ಮತ್ತೆ ಅವಳ ಮುಖ ನೋಡಿ, "ಕಾರಿಂದು ಬಿಡು. ನಿನ್ನ ದನಿ ಈಗ ಹ್ಯಾಂಗಾಗೈತಿ? ನನ್ನ ಕಿವ್ಯಾಗ ನೀ ಸಣ್ಣಾಕಿದ್ದಾಗಿನ ದನಿ ಅಷ್ಟ ಉಳದೈತಿ" ಎಂದರು.

ಮಾಬುಸಾಬ ಸುಮ್ಮನೆ ಕಾರಿನ ವೇಗ ಇಳಿಸಿದ. ಆಮೇಲೆ ಮಗಳೆಂದಳು, "ನಾ ಹೇಳಂಗಿಲ್ಲ. ದವಾಖಾನಿಗೆ ಬಂದು ನೀವ ಕೇಳ್ರಿ."

ಅದೇ ಕಾರಿನಲ್ಲಿ ಗದಗಿಗೆ ಹೋದೆವು. ಡಾಕ್ಟರು ಏನೇನೋ ಪರೀಕ್ಷೆ ಮಾಡಿ, ಕಡಲೆಕಾಳಿನಷ್ಟು ಸಣ್ಣ ಮಷೀನನ್ನು ಕಿವಿಯೊಳಗೆ ಕೂರಿಸಿದರು. ಇವರು ಕೈಕಟ್ಟಿಕೊಂಡು, ಶಾಲೆಯ ಹುಡುಗನಂತೆ ಸೆಟೆದು ಕುಳಿತಿದ್ದರು. ಪಲ್ಲವಿ ಅವರ ಬೆನ್ನ ಹಿಂದೆ, ಗೋಡೆಗೆ ಒರಗಿ ನಿಂತಿದ್ದಳು. ಅಲ್ಲಿಂದಲೇ, ದನಿ ಏರಿಸದೆ, "ಅಪ್ಪಾ" ಎಂದಳು.

ಇವರು ಕುರ್ಚಿಯಲ್ಲೇ ಗಕ್ಕನೆ ತಿರುಗಿದರು. ಯಾರೋ ಹೊಸಬರನ್ನು ನೋಡುವಂತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಣ್ಣು ತುಂಬಿ ಬಂದಿತ್ತು.

"ಯವ್ವಾ... ಇಷ್ಟ ದೊಡ್ಡಾಕಿ ಆಗೀಯೇನ?" ಎಂದರು.